ಎರಡು ತುಂಬದ ಮಗುವಿನ ಜೊತೆ ಹಡಗಿನಲ್ಲಿ ಏಳು ರಾತ್ರಿ: ಊಟ ಮತ್ತು ಮಗು ನೋಡಿಕೊಳ್ಳುವ ಸರದಿ

ಹಾಸನದಲ್ಲಿ ಮಕ್ಕಳ ವಾರ್ಡಿನ ನರ್ಸ್ ಆಗಿ 28 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮಗಳು, ಅಳಿಯ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾರೆ. 2024ರ ಫೆಬ್ರವರಿಯಲ್ಲಿ ಅಲ್ಲಿಗೆ ಹತ್ತಿರದ ಗಾಲ್ವೆಸ್ಟನ್ ಬಂದರಿನಿಂದ ಕ್ರೂಸ್ ಹಡಗು ಹತ್ತಿ, ಹೊಂಡುರಾಸ್ ದೇಶದ ರೋಟಾನ್, ಮೆಕ್ಸಿಕೋದ ಕೋಸ್ಟಾ ಮಾಯಾ, ಕೊಜುಮೆಲ್ ನೋಡಿಕೊಂಡು ಏಳು ರಾತ್ರಿ ಕಳೆದು ಬಂದೆವು. ಮೊಮ್ಮಗಳು ಪುಟ್ಟಿಗೆ ಆಗ 1 ವರ್ಷ 10 ತಿಂಗಳು. ಬಂದ ಮೇಲೆ ಮಗಳ ಗೆಳತಿಯರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ, "ಆಂಟಿ, ಮಗು ಅಲ್ಲಿ ಏನು ತಿಂದಳು? ನೀವೆಲ್ಲ ಊಟ ಮಾಡುವಾಗ ಯಾರ ಹತ್ತಿರ ಇದ್ದಳು?" ಎಂದು ಕೇಳುತ್ತಿದ್ದರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಟಿಕೆಟ್ ತೆಗೆಯುವ ಮೊದಲು ಮಗುವಿನ ವಯಸ್ಸನ್ನು ತಿಂಗಳಲ್ಲಿ ಲೆಕ್ಕ ಹಾಕಿ, ಡೈಪರ್ ಬಿಟ್ಟಿದೆಯೋ ಇಲ್ಲವೋ ಎಂಬುದನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಯಾವ ಹಡಗು ಎನ್ನುವುದನ್ನು ಈ ಎರಡೇ ತೀರ್ಮಾನಿಸುತ್ತವೆ. ಬಹುತೇಕ ಕಂಪನಿಗಳು 6 ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ದಿನಗಟ್ಟಲೆ ದಡ ಕಾಣದ ಉದ್ದದ ಪ್ರಯಾಣಗಳಿಗೆ 12 ತಿಂಗಳು ಆಗಿರಬೇಕು. ಇಷ್ಟು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ. ಎಡವುವುದು ಮುಂದಿನ ಮಾತಿನಲ್ಲಿ. ಜಾಹೀರಾತಿನಲ್ಲಿ "ಮಕ್ಕಳ ಕ್ಲಬ್ ಉಚಿತ" ಎಂದು ದೊಡ್ಡದಾಗಿ ಹಾಕಿರುತ್ತಾರಲ್ಲ, ಮಕ್ಕಳನ್ನು ಆಡಿಸುತ್ತಾ ನೋಡಿಕೊಳ್ಳುವ ಆ ಕ್ಲಬ್ ರಾಯಲ್ ಕೆರಿಬಿಯನ್ ಮತ್ತು ಡಿಸ್ನಿ ಹಡಗುಗಳಲ್ಲಿ 3 ವರ್ಷ ತುಂಬಿ, ಡೈಪರ್ ಬಿಟ್ಟ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕವರಿಗೆ ಬೇರೆಯೇ ನರ್ಸರಿ ಇದೆ. ಅದಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಜಾಗವೂ ಕಡಿಮೆ. ರಾಯಲ್ ಕೆರಿಬಿಯನ್‌ನ ಎಲ್ಲ ಹಡಗುಗಳಲ್ಲಿ ನರ್ಸರಿ ಇಲ್ಲ, ಆದ್ದರಿಂದ ಕಂಪನಿಯ ಹೆಸರು ನೋಡಿದರೆ ಸಾಲದು, ಹಡಗಿನ ಹೆಸರು ಹಿಡಿದು ವಿಚಾರಿಸಿ. ಕಾರ್ನಿವಲ್‌ನಲ್ಲಿ ಕ್ಲಬ್ 2 ವರ್ಷಕ್ಕೇ ಶುರು, ಡೈಪರ್ ಇದ್ದರೂ ಸೇರಿಸಿಕೊಂಡು ಅವರೇ ಬದಲಾಯಿಸುತ್ತಾರೆ. ಇಂಗ್ಲೆಂಡಿನಲ್ಲಿರುವವರಿಗೆ ಇನ್ನೂ ಅನುಕೂಲ. ಸೌತಾಂಪ್ಟನ್‌ನಿಂದ ಹೊರಡುವ ಪಿ ಅಂಡ್ ಓ ಕಂಪನಿಯ, ಮಕ್ಕಳನ್ನೂ ಹತ್ತಿಸಿಕೊಳ್ಳುವ ಹಡಗುಗಳಲ್ಲಿ 6 ತಿಂಗಳಿಂದ 4 ವರ್ಷದವರೆಗಿನ ಮಕ್ಕಳನ್ನು ರಾತ್ರಿ ಮಲಗಿಸಿಕೊಳ್ಳುವ ನರ್ಸರಿ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ.

ಪುಟ್ಟಿಗೆ ಎರಡು ತುಂಬಲು ಎರಡು ತಿಂಗಳು ಬಾಕಿ ಇತ್ತು. ಹಾಗಾಗಿ 2 ವರ್ಷದ ಕ್ಲಬ್ಬೂ ಸಿಗಲಿಲ್ಲ, 3 ವರ್ಷದ್ದೂ ಸಿಗಲಿಲ್ಲ. ನರ್ಸರಿ ಇರುವ ಹಡಗನ್ನೇ ಹುಡುಕಿ ಹಿಡಿದೆವು. ನಿಮ್ಮ ಮಗು ಇಂಥ ಅಂಚಿನಲ್ಲಿದ್ದು, ಪ್ರಯಾಣ ಮುಂದೂಡಲು ಸಾಧ್ಯವಿದ್ದರೆ ಎರಡು ತಿಂಗಳು ಮುಂದೂಡಿ. ಹುಟ್ಟಿದ ದಿನಕ್ಕೆ ಒಂದೇ ದಿನ ಕಡಿಮೆ ಇದ್ದರೂ ಅವರು ಬಿಡುವುದಿಲ್ಲ.

ಮೊದಲ ಪಂಕ್ತಿಯೇ ಮಕ್ಕಳಿರುವವರದು

ನಮ್ಮ ಮದುವೆಮನೆಗಳ ಹಾಗೆ ಹಡಗಿನ ದೊಡ್ಡ ಊಟದ ಹಾಲಿನಲ್ಲೂ ಎರಡು ಪಂಕ್ತಿ. ಸಂಜೆ ಐದೂವರೆ ಆಸುಪಾಸಿಗೆ ಮೊದಲನೆಯದು, ಎಂಟರ ಸುಮಾರಿಗೆ ಎರಡನೆಯದು. ಬೇಕಾದ ಹೊತ್ತಿಗೆ ಹೋಗಿ ಕೂರುವ ಮೂರನೆಯ ಏರ್ಪಾಡೂ ಹಲವು ಹಡಗುಗಳಲ್ಲಿದೆ. "ಐದೂವರೆಗೆ ಯಾರು ರಾತ್ರಿ ಊಟ ಮಾಡ್ತಾರೆ ಅತ್ತೆ?" ಎಂದು ಅಳಿಯ ಎರಡನೆಯದಕ್ಕೇ ಮನಸ್ಸು ಮಾಡಿದ್ದ. ನಾನು ಬಿಡಲಿಲ್ಲ. ಪುಟ್ಟಿ ಮನೆಯಲ್ಲಿ ಏಳೂವರೆಗೆ ಮಲಗುವವಳು. ಎಂಟಕ್ಕೆ ಕೂತರೆ ಸೂಪು ಬರುವಷ್ಟರಲ್ಲಿ ಅಳು ಶುರುವಾಗುತ್ತದೆ. ಆಮೇಲೆ ತಾಯಿ ಒಂದು ಕೈಯಲ್ಲಿ ಮಗು ತೂಗುತ್ತಾ ಇನ್ನೊಂದು ಕೈಯಲ್ಲಿ ತಣ್ಣಗಾದ ಊಟ ಮುಗಿಸಬೇಕು.

ಬೇಕಾದ ಹೊತ್ತಿಗೆ ಕೂರುವ ಏರ್ಪಾಡಿಗಿಂತಲೂ ಗೊತ್ತಾದ ಮೊದಲ ಪಂಕ್ತಿ ಮೇಲು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅದರಲ್ಲಿ ಮೇಜೂ ಅದೇ, ಬಡಿಸುವವರೂ ಅವರೇ. ಡಿಸ್ನಿ ಹಡಗಿನಲ್ಲಂತೂ ದಿನಕ್ಕೊಂದು ಊಟದ ಮನೆಗೆ ನೀವು ಹೋದರೂ ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ. ಮೊದಲ ಸಂಜೆ ನಾವು ಬಡಿಸುವವನಿಗೆ ನಾಲ್ಕು ಮಾತು ಹೇಳಿದೆವು: ನಾವು ಕೂತ ತಕ್ಷಣ ಮಗುವಿಗೆ ಬಾಳೆಹಣ್ಣು ಮತ್ತು ಬ್ರೆಡ್ ಬರಲಿ, ಮಗುವಿನ ಊಟ ನಮ್ಮ ಸೂಪಿನ ಜೊತೆಗೇ ಬರಲಿ, ಸಿಹಿ ಹಾಕದ ಮೊಸರು ದಿನಾ ಒಂದು ಬಟ್ಟಲು ಬೇಕು, ನಮ್ಮೆಲ್ಲರ ಊಟವನ್ನು ಒಂದೇ ಸಲ ಬರೆದುಕೊಳ್ಳಿ. ಮೂರನೆಯ ದಿನದಿಂದ ನಾವು ಬರುವಷ್ಟರಲ್ಲಿ ಎತ್ತರದ ಕುರ್ಚಿ, ಹಣ್ಣು, ಮೊಸರು ಎಲ್ಲವೂ ಸಿದ್ಧವಾಗಿರುತ್ತಿತ್ತು. ಆ ಹುಡುಗನಿಗೆ ಕೊನೆಯ ದಿನ ಮಗಳು ಕೈಯಾರೆ ಬೇರೆ ದುಡ್ಡು ಕೊಟ್ಟಳು, ಕೊಡಲೇಬೇಕಾದದ್ದು.

ಮೇಜು ಎಲ್ಲಿದೆ ನೋಡಿ. ಅಡುಗೆಮನೆ ಬಾಗಿಲಿನ ದಾರಿಯಲ್ಲಿದ್ದರೆ ಬಿಸಿ ತಟ್ಟೆ ಹೊತ್ತವರು ಮಗುವಿನ ತಲೆಯ ಮೇಲಿಂದಲೇ ಓಡಾಡುತ್ತಾರೆ. ಗೋಡೆ ಕಡೆಯ ಮೇಜು ಕೇಳಿ, ಮೊದಲ ದಿನವೇ ಕೇಳಿದರೆ ಬದಲಾಯಿಸಿ ಕೊಡುತ್ತಾರೆ.

ಅಲ್ಲಿ ಊಟ ಮುಗಿಯಲು ಒಂದೂವರೆ ಗಂಟೆ ಬೇಕು, ಈ ವಯಸ್ಸಿನ ಮಗು ಕೂರುವುದು ಹೆಚ್ಚೆಂದರೆ 40 ನಿಮಿಷ. ಆದ್ದರಿಂದ ಪುಟ್ಟಿಯ ನಿಜವಾದ ಊಟ ಮೇಲಿನ ಬಫೆಯಲ್ಲಿ ಐದಕ್ಕೇ ಆಗಿರುತ್ತಿತ್ತು. ಕೆಳಗಿನ ಹಾಲಿನಲ್ಲಿ ಅವಳು ತಿನ್ನುತ್ತಿದ್ದದ್ದು ಆಟದ ಊಟ. 40 ನಿಮಿಷ ಕಳೆದ ಮೇಲೆ ನಾವು ಮೂವರಲ್ಲಿ ಒಬ್ಬರು ಅವಳನ್ನು ಎತ್ತಿಕೊಂಡು ಹೊರಗೆ ಹೋಗುವುದು ಎಂದು ಮೊದಲೇ ಮಾತಾಗಿತ್ತು, ದಿನಕ್ಕೊಬ್ಬರ ಸರದಿ. ಮಗು ಊಟ ಮಾಡಲಿಲ್ಲ ಎಂಬ ಆತಂಕ ಇಲ್ಲದಿದ್ದಾಗ ದೊಡ್ಡವರ ಗಂಟಲಲ್ಲೂ ಅನ್ನ ಸಲೀಸಾಗಿ ಇಳಿಯುತ್ತದೆ.

ಹುರಿಹಿಟ್ಟು, ತೆಳು ಅವಲಕ್ಕಿ, ಬಿಸಿನೀರು

ನಮ್ಮ ಹೆಣ್ಣುಮಕ್ಕಳು ಮೊದಲು ಸೂಟ್‌ಕೇಸಿಗೆ ಹಾಕುವುದು ಚಿಕ್ಕ ರೈಸ್ ಕುಕ್ಕರ್ ಅಥವಾ ಎಲೆಕ್ಟ್ರಿಕ್ ಕೆಟಲ್. ಎರಡೂ ಬೇಡ. ಅಡುಗೆ ಮಾಡುವ, ನೀರು ಕಾಯಿಸುವ ಯಾವ ಸಾಮಾನನ್ನೂ ಹಡಗಿನ ಕೋಣೆಗೆ ಬಿಡುವುದಿಲ್ಲ, ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಕೊನೆಯ ದಿನ ವಾಪಸ್ ಕೊಡುತ್ತಾರೆ. ಸಮುದ್ರದ ಮಧ್ಯೆ ಬೆಂಕಿ ಬಿದ್ದರೆ ಏನು ಗತಿ ಎಂದು ಯೋಚಿಸಿದರೆ ಅವರ ನಿಯಮ ಸರಿಯಾಗಿಯೇ ಇದೆ. ಮನೆಯಲ್ಲಿ ಬೇಯಿಸಿದ ಅಡುಗೆ ಕಟ್ಟಿಕೊಂಡು ಹೋಗುವುದನ್ನೂ ನೆಚ್ಚಿಕೊಳ್ಳಬೇಡಿ. ಅಂಗಡಿಯ ಸೀಲ್ ಒಡೆಯದ ಮಗುವಿನ ಆಹಾರಕ್ಕೆ ತಕರಾರಿಲ್ಲ.

ಹಾಗಾದರೆ ರಾಗಿ ಸರಿ? ಅದನ್ನು ಒಲೆಯ ಮೇಲೆ ಕೆದಕಿ ಬೇಯಿಸಬೇಕು, ಬಿಸಿನೀರಿಗೆ ಕಲಸಿದರೆ ಹಸಿ ಉಳಿದು ಹೊಟ್ಟೆನೋವು. ಅದರ ಬದಲು ಹುರಿಹಿಟ್ಟು ಒಯ್ಯಿರಿ. ರಾಗಿಯನ್ನು ಅರಳು ಹುರಿದೇ ಬೀಸಿದ ಹಿಟ್ಟು ಅದು, ಬೇಯಿಸುವ ಕೆಲಸವಿಲ್ಲ, ಬಿಸಿ ಹಾಲಿಗೆ ಕಲಸಿದರೆ ಆಯಿತು. ಹ್ಯೂಸ್ಟನ್‌ನ ಭಾರತೀಯ ಅಂಗಡಿಯಲ್ಲಿ ಸಿಕ್ಕಿದ ಸೀಲ್ ಪೊಟ್ಟಣ ಎರಡು, ತೆಳು ಅವಲಕ್ಕಿ ಒಂದು, ಇಷ್ಟೇ ನಮ್ಮ ಇಡೀ ವಾರದ ಬುತ್ತಿ. ತೆಳು ಅವಲಕ್ಕಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಹಿಂಡಿ, ಮೊಸರು ಕಲಸಿದರೆ ಪುಟ್ಟಿಗೆ ಮೊಸರನ್ನಕ್ಕೂ ಅದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಬಿಸಿನೀರು ಬಫೆಯಲ್ಲಿ ಟೀ ಮಾಡಿಕೊಳ್ಳುವ ಕಡೆ ಸಿಗುತ್ತದೆ. ಒಂದು ಒಳ್ಳೆ ಫ್ಲಾಸ್ಕ್ ತೆಗೆದುಕೊಂಡು ಹೋಗಿ, ರಾತ್ರಿ ಮಲಗುವ ಮೊದಲು ತುಂಬಿಸಿಡಿ.

ಉಳಿದದ್ದೆಲ್ಲ ಹಡಗಿನಲ್ಲೇ ಇದೆ. ಬೆಳಗಿನ ಬಫೆಯಲ್ಲಿ ಓಟ್ಸ್ ಗಂಜಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಮೊಸರು, ಹಾಲು. ಮೊಸರಿನಲ್ಲಿ ಹಣ್ಣು ಸಕ್ಕರೆ ಹಾಕಿದ್ದೇ ಹೆಚ್ಚು, ಸಾದಾ ಯಾವುದು ಎಂದು ಕೇಳಿ ತೆಗೆದುಕೊಳ್ಳಿ. ಮಧ್ಯಾಹ್ನ ಬಿಳಿ ಅನ್ನ ಇರುತ್ತದೆ, ಭಾರತೀಯ ಅಡುಗೆಯ ಒಂದೆರಡು ಬಗೆಯೂ ಇರುತ್ತವೆ. ಅಲ್ಲಿನ ದಾಲ್ ಮಗುವಿಗೆ ಖಾರ. ನಾನು ಅನ್ನದ ಮೇಲೆ ಅದನ್ನು ನೀರು ಬೆರೆಸಿ ಹಾಕುತ್ತಿದ್ದುದನ್ನು ನೋಡಿ ಅಲ್ಲಿ ಕೆಲಸ ಮಾಡುತ್ತಿದ್ದ ಮಂಗಳೂರು ಕಡೆಯ ಹುಡುಗ ಹತ್ತಿರ ಬಂದ. ಗೋವಾ, ಮಂಗಳೂರಿನ ಎಷ್ಟೋ ಮಂದಿ ಈ ಹಡಗುಗಳಲ್ಲಿ ದುಡಿಯುತ್ತಾರೆ. ನಾವು ಮಾತಾಡಿಕೊಳ್ಳುತ್ತಿದ್ದ ಕನ್ನಡ ಅವನ ಕಿವಿಗೆ ಬಿದ್ದಿತ್ತು. "ಅಮ್ಮ, ಉಪ್ಪು ಮಾತ್ರ ಹಾಕಿ ಬೇಯಿಸಿದ ಬೇಳೆ ಬೇಕೂಂತ ಹಿಂದಿನ ರಾತ್ರಿಯೇ ಊಟದ ಹಾಲಿನ ಹೆಡ್ ವೇಟರಿಗೆ ಹೇಳಿಬಿಡಿ. ಅವರು ಬರೆದುಕೊಂಡರೆ ಅಡುಗೆಮನೆಯಲ್ಲಿ ಬೇರೆಯಾಗಿ ಮಾಡಿಕೊಡ್ತಾರೆ" ಎಂದ. ಮಾರನೆಯ ದಿನದಿಂದ ಹಾಗೇ ನಡೆಯಿತು. ಮನೆಯಿಂದ ಅಷ್ಟು ದೂರದ ನೀರಿನ ಮೇಲೆ ಮಗುವಿಗೆ ಬೇಳೆಕಟ್ಟು ಅನ್ನ ಕಲಸಿ ತಿನ್ನಿಸಿದ ಆ ಮಧ್ಯಾಹ್ನ ನನ್ನ ಕಣ್ಣು ತುಂಬಿ ಬಂತು.

ಕೈಯಲ್ಲಿ ಕಲಸಿ ತಿನ್ನಿಸುವ ನಾವು ಒಂದು ವಿಷಯದಲ್ಲಿ ಇತರರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಹಡಗುಗಳಲ್ಲಿ ಹರಡುವ ವಾಂತಿಭೇದಿಗೆ ಹೆಚ್ಚಾಗಿ ನೋರೋವೈರಸ್ ಕಾರಣ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅದನ್ನು ಸರಿಯಾಗಿ ಕೊಲ್ಲುವುದಿಲ್ಲ, ಸೋಪು ಹಾಕಿ 20 ಸೆಕೆಂಡ್ ಉಜ್ಜಿ ತೊಳೆಯಲೇಬೇಕು. ಒಳಗೆ ಹೋಗುವಾಗ ಎಲ್ಲರೂ ತೊಳೆಯುತ್ತಾರೆ. ಆದರೆ ಬಫೆಯ ಚಮಚ, ಇಕ್ಕಳಗಳನ್ನು ನೂರಾರು ಜನ ಮುಟ್ಟಿರುತ್ತಾರೆ. ತಟ್ಟೆ ತುಂಬಿಸಿಕೊಂಡು ಬಂದು ಮೇಜಿನ ಮೇಲಿಟ್ಟ ಮೇಲೆ ಇನ್ನೊಮ್ಮೆ ತೊಳೆದು ಬಂದು ಆಮೇಲೆ ಮಗುವಿಗೆ ಕಲಸಿ. ಅದಕ್ಕೆಂದೇ ನಾವು ಒಬ್ಬರು ತಟ್ಟೆ ತರುವುದು, ಇನ್ನೊಬ್ಬರು ಏನನ್ನೂ ಮುಟ್ಟದೆ ತಿನ್ನಿಸುವುದು ಎಂದು ಭಾಗ ಮಾಡಿಕೊಂಡಿದ್ದೆವು. ಎತ್ತರದ ಕುರ್ಚಿಯ ಹಲಗೆಯನ್ನು ನಾವೇ ಇನ್ನೊಮ್ಮೆ ಒರೆಸುತ್ತಿದ್ದೆವು. ಓಆರ್‌ಎಸ್ ಪೊಟ್ಟಣಗಳು ಕೈಚೀಲದಲ್ಲೇ ಇರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ, ಅರ್ಧಂಬರ್ಧ ಅಂದಾಜಿನಲ್ಲಿ ಬೇಡ.

ಇನ್ನೊಂದು ಮಾತು, ವಾರ್ಡಿನಲ್ಲಿ ಕಂಡದ್ದು. ಶೇಂಗಾ ಬೀಜ ಶ್ವಾಸನಾಳಕ್ಕೆ ಹೋಗಿ ಉಸಿರು ಸಿಕ್ಕಿಕೊಂಡ ಮಕ್ಕಳನ್ನು ಎತ್ತಿಕೊಂಡು ಓಡಿದವಳು ನಾನು. ಬಫೆಯಲ್ಲಿ ಇಡೀ ದ್ರಾಕ್ಷಿ, ಬಾದಾಮಿ, ಪಾಪ್‌ಕಾರ್ನ್, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಸಾಸೇಜ್ ಕೈಗೆಟುಕುವಂತೆ ಇರುತ್ತವೆ, ಪ್ರೀತಿಯಿಂದ ಯಾರೋ ಮಗುವಿನ ಕೈಗೂ ಕೊಟ್ಟುಬಿಡುತ್ತಾರೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಿ. ಉಳಿದವು ಈ ವಯಸ್ಸಿಗೆ ಬೇಡವೇ ಬೇಡ. ಓಡಾಡುತ್ತಾ ತಿನ್ನಿಸುವುದೂ ಬೇಡ, ಹಡಗು ವಾಲಿದಾಗ ಮಗು ಬಾಯಲ್ಲಿ ತುತ್ತಿಟ್ಟುಕೊಂಡೇ ಬೀಳುತ್ತದೆ.

ನರ್ಸರಿ, ಮತ್ತು ಅಜ್ಜಿ

"ಅಮ್ಮ ಇದ್ದಾರಲ್ಲ, ನರ್ಸರಿ ಯಾಕೆ" ಎಂಬ ಮಾತು ನಮ್ಮಲ್ಲೂ ಬಂತು. ನಾನು ಮಗಳಿಗೆ ನೇರವಾಗಿಯೇ ಹೇಳಿದೆ: ನನ್ನ ಮೊಮ್ಮಗಳನ್ನು ನೋಡಿಕೊಳ್ಳುವುದು ನನಗೆ ಸಂತೋಷ, ಆದರೆ ನಾನೂ ಸಮುದ್ರ ನೋಡಲು ಬಂದಿದ್ದೇನೆ, ನನ್ನ ಮೊಣಕಾಲಿಗೂ ವಯಸ್ಸಾಗಿದೆ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಹಡಗು ಹತ್ತಿಸುವ ಮಕ್ಕಳೆಲ್ಲರಿಗೂ ಈ ಮಾತು ಹೇಳಬೇಕೆನಿಸುತ್ತದೆ. ನರ್ಸರಿಗೆ ಕೊಡುವ ದುಡ್ಡನ್ನು ದಂಡ ಎಂದುಕೊಳ್ಳಬೇಡಿ.

ನರ್ಸರಿಯ ಗಂಟೆಗಳನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಸಿಗದಿದ್ದರೆ ಹಡಗು ಹತ್ತಿದ ದಿನ ಬಫೆಗೆ ಓಡುವ ಬದಲು ಮೊದಲು ನರ್ಸರಿಯ ಬಾಗಿಲಿಗೆ ಹೋಗಿ. ಸಮುದ್ರದಲ್ಲೇ ಇರುವ ದಿನಗಳ ಸಂಜೆ ಎಲ್ಲಕ್ಕಿಂತ ಬೇಗ ತುಂಬುತ್ತದೆ. ನಾವು ಒಟ್ಟು ಆರು ಗಂಟೆ ತೆಗೆದುಕೊಂಡೆವು: ಎರಡನೆಯ ದಿನ ಬೆಳಿಗ್ಗೆ ಒಂದು, ಮೂರನೆಯ ದಿನ ಬೆಳಿಗ್ಗೆ ಒಂದು, ಆಮೇಲೆ ಎರಡು ಸಂಜೆ ಎರಡೆರಡು. ಮೊದಲ ಸಲ ಸಂಜೆಯೇ ಬಿಡಬಾರದು. ನಿದ್ದೆ ಬರುವ ಹೊತ್ತಿಗೆ ಹೊಸ ಮುಖ ನೋಡಿದರೆ ಯಾವ ಮಗುವೂ ಒಲಿಯುವುದಿಲ್ಲ. ಬೆಳಿಗ್ಗೆ, ಹೊಟ್ಟೆ ತುಂಬಿದ ಮೇಲೆ, ಒಂದು ಗಂಟೆ ಬಿಟ್ಟು ಬನ್ನಿ. ಪುಟ್ಟಿ ಮೊದಲ ಸಲ ಅತ್ತಳು, ಬಾಗಿಲ ಹೊರಗೆ ಮಗಳೂ ಅತ್ತಳು. 20 ನಿಮಿಷವಾದರೂ ಸಮಾಧಾನವಾಗದಿದ್ದರೆ ಕರೆಯುತ್ತೇವೆ ಎಂದು ಹೇಳಿ ಕೈಗೊಂದು ಚಿಕ್ಕ ಫೋನ್ ಕೊಟ್ಟಿದ್ದರು. ಅದು ಹೊಡೆದುಕೊಳ್ಳಲಿಲ್ಲ.

ಒಳಗೆ ಕೊಡಬೇಕಾದದ್ದು ಡೈಪರ್, ಒರೆಸುವ ಬಟ್ಟೆ, ಎರಡು ಜೊತೆ ಉಡುಪು, ಹೆಸರು ಬರೆದ ನೀರಿನ ಬಾಟಲಿ, ಮಲಗುವಾಗ ಹಿಡಿದುಕೊಳ್ಳುವ ಹಳೆಯ ಸೀರೆಯ ತುಂಡು. ಔಷಧಿ ಅವರು ಹಾಕುವುದಿಲ್ಲ, ಅದರ ಹೊತ್ತನ್ನು ನೀವೇ ಹೊಂದಿಸಿಕೊಳ್ಳಬೇಕು. ಇವುಗಳ ಜೊತೆ ನಾನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿ ಬರೆದುಕೊಟ್ಟೆ. ಮಮ್ಮು ಅಂದರೆ ಹಸಿವು, ತಾಚಿ ಅಂದರೆ ನಿದ್ದೆ, ನೀನಿ ಅಂದರೆ ನೀರು, ಕಕ್ಕ ಅಂದರೆ ಡೈಪರ್ ನೋಡಿ. ಮನೆಯಲ್ಲಿ ಕನ್ನಡವನ್ನೇ ಆಡುವ ಮಗು ಹೊಸಬರ ಹತ್ತಿರ ಹೇಳಿಕೊಳ್ಳುವುದಾದರೂ ಹೇಗೆ? ಎರಡನೆಯ ಸಲ ಕರೆತರಲು ಹೋದಾಗ ಅಲ್ಲಿನ ಹುಡುಗಿ ನಗುತ್ತಾ "ತಾಚಿ, ತಾಚಿ" ಎಂದು ಪುಟ್ಟಿಯ ಬೆನ್ನು ತಟ್ಟುತ್ತಿದ್ದಳು.

ಒಂದು ಸೂಕ್ಷ್ಮ. ಕೊಜುಮೆಲ್‌ನಲ್ಲಿ ಫೆಬ್ರವರಿಯಲ್ಲಿ ಗಡಿಯಾರ ಗಾಲ್ವೆಸ್ಟನ್‌ಗಿಂತ ಒಂದು ಗಂಟೆ ಮುಂದೆ. ಫೋನ್ ತನ್ನಷ್ಟಕ್ಕೆ ತಾನೇ ಬದಲಾಯಿಸಿಕೊಂಡು, ನಾವು ನರ್ಸರಿಗೆ ಒಂದು ಗಂಟೆ ಮೊದಲೇ ಹೋಗಿ ನಿಂತೆವು. ಅಲ್ಲಿ ನಡೆಯುವುದು ಹಡಗಿನ ಹೊತ್ತು, ನಮ್ಮ ಹಡಗಿನಲ್ಲಿ ಅದು ಗಾಲ್ವೆಸ್ಟನ್ನಿನ ಹೊತ್ತೇ ಆಗಿತ್ತು. ಕೈಗೊಂದು ಸಾದಾ ವಾಚ್ ಕಟ್ಟಿಕೊಳ್ಳಿ.

ಉಳಿದ ಹೊತ್ತಿನ ಸರದಿ ನಮ್ಮದು ಹೀಗಿತ್ತು. ಪುಟ್ಟಿ ಏಳುವುದು ಐದೂವರೆಗೆ, ನಾನೂ ಆಗಲೇ ಎದ್ದಿರುತ್ತೇನೆ, ಆದ್ದರಿಂದ ಬೆಳಗಿನ ಎರಡು ಗಂಟೆ ನನ್ನದು. ಯಾರೂ ಇಲ್ಲದ ಡೆಕ್‌ನಲ್ಲಿ ಅವಳ ಕೈ ಹಿಡಿದು ನಡೆಯುವುದು ನನಗೂ ಇಷ್ಟವಾಗಿತ್ತು. ಮಧ್ಯಾಹ್ನದ ನಿದ್ದೆಗೆ ಅಳಿಯ ಕೋಣೆಯಲ್ಲಿ. ರಾತ್ರಿ ಮಗು ಮಲಗಿದ ಮೇಲೆ ಒಬ್ಬರು ಕೋಣೆಯಲ್ಲಿರಲೇಬೇಕು, ಐದೇ ನಿಮಿಷ ಎಂದರೂ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಕೋಣೆಗೇ ಬಂದು ಮಗು ನೋಡಿಕೊಳ್ಳುವವರು ಸಿಗುತ್ತಾರೆ ಎಂದು ನಂಬಿಕೊಂಡೂ ಹೋಗಬೇಡಿ. ಬಾಲ್ಕನಿ ಇರುವ ಕೋಣೆಗೆ ಕೊಟ್ಟ ದುಡ್ಡು ಸಾರ್ಥಕವಾಗಿದ್ದು ಅಲ್ಲಿಯೇ. ಒಳಗೆ ಕತ್ತಲಲ್ಲಿ ಮಗು ಮಲಗಿದ್ದರೆ ಮಗಳೂ ಅಳಿಯನೂ ಹೊರಗೆ ಕೂತು ಮಾತಾಡಿಕೊಳ್ಳುತ್ತಿದ್ದರು. ಹಗಲಲ್ಲಂತೂ ಬಾಲ್ಕನಿ ಬಾಗಿಲಿನ ಮೇಲಿನ ಚಿಲಕ ಹಾಕಿಯೇ ಇರಲಿ, ಕುರ್ಚಿಗಳನ್ನು ಕಂಬಿಯ ಹತ್ತಿರ ಬಿಡಬೇಡಿ. ಮಡಚುವ ತೊಟ್ಟಿಲನ್ನು ಬುಕ್ ಮಾಡುವಾಗಲೇ ಕೇಳಿಟ್ಟರೆ ಕೋಣೆಯಲ್ಲಿ ಹಾಕಿರುತ್ತಾರೆ. ಹತ್ತಿದ ದಿನವೇ ಮಗುವಿನ ಅಳತೆಯ ಲೈಫ್ ಜಾಕೆಟ್ ಕೊಟ್ಟಿದ್ದಾರೆಯೇ ನೋಡಿ.

ಈಜುಕೊಳದ ಆಸೆ ಮಗುವಿಗೆ ಮೊದಲೇ ಹುಟ್ಟಿಸಬೇಡಿ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಡೈಪರ್ ಹಾಕುವ ಮಕ್ಕಳನ್ನು, ಈಜುವ ಡೈಪರ್ ಇದ್ದರೂ, ಸಾಮಾನ್ಯ ಕೊಳಕ್ಕೆ ಇಳಿಸುವಂತಿಲ್ಲ. ಅವರಿಗೆಂದೇ ಮಾಡಿದ ನೀರಾಟದ ಜಾಗ ಇದೆಯೇ ಎಂದು ಹಡಗು ಆರಿಸುವಾಗಲೇ ವಿಚಾರಿಸಿ.

ಒಂದು ರಾತ್ರಿ ಉತ್ತರದ ಗಾಳಿ ಬೀಸಿ ಹಡಗು ಚೆನ್ನಾಗಿ ತೂಗಿತು. ಹಡಗಿನ ತೂಗಾಟಕ್ಕೆ ತಲೆಸುತ್ತಿ ವಾಂತಿ ಬರುವ ತೊಂದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಅಪರೂಪ, ಪುಟ್ಟಿ ಸುಖವಾಗಿ ಮಲಗಿದಳು. ಮಗಳಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಮರುದಿನದ ಸರದಿಯೆಲ್ಲ ನಾನು ಮತ್ತು ಅಳಿಯ ಹಂಚಿಕೊಳ್ಳಬೇಕಾಯಿತು. ಆದ್ದರಿಂದ ಒಬ್ಬರು ಮಲಗಿಬಿಟ್ಟರೆ ಯಾರು ಏನು ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ, ಮನೆಮಂದಿಯೆಲ್ಲ ಒಟ್ಟಿಗೆ ನುಂಗಬೇಡಿ, ಒಬ್ಬರು ಎಚ್ಚರವಾಗಿರಬೇಕು. ಊರಿನಲ್ಲಿ ಬಸ್ ಹತ್ತುವ ಮೊದಲು ಮಕ್ಕಳಿಗೂ ಅವೊಮಿನ್ ಎಂಬ ವಾಂತಿ ಮಾತ್ರೆಯನ್ನು ಕಾಲು ಭಾಗ ಮುರಿದು ಕೊಡುವ ಅಭ್ಯಾಸ ಕೆಲವರಿಗಿದೆ. ಅವೊಮಿನ್‌ನಲ್ಲಿರುವ ಪ್ರೊಮೆಥಜಿನ್ ಎಂಬ ಔಷಧಿ ಎರಡು ವರ್ಷದೊಳಗಿನ ಮಗುವಿನ ಉಸಿರಾಟವನ್ನೇ ಕುಗ್ಗಿಸಬಲ್ಲದು. ದಯವಿಟ್ಟು ಕೊಡಬೇಡಿ. ನಿಮ್ಮ ಮಕ್ಕಳ ವೈದ್ಯರನ್ನು ಹೊರಡುವ ಮೊದಲೇ ಕೇಳಿ.

ದಡಕ್ಕೆ ಇಳಿಯುವ ದಿನ ಬಫೆಯ ಬಾಳೆಹಣ್ಣು, ಮೊಟ್ಟೆ, ಮೊಸರು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಹೊಸ ದೇಶಕ್ಕೆ ಹಣ್ಣುಹಂಪಲು ಒಯ್ಯಲು ಬಿಡುವುದಿಲ್ಲ. ಸೀಲ್ ಇರುವ ಬಿಸ್ಕತ್ತು, ಮಗುವಿನ ಪೊಟ್ಟಣ, ನೀರು ಸಾಕು. ಹೊಟ್ಟೆ ತುಂಬಿಸಿಯೇ ಇಳಿಸಿ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ವಾಪಸ್ ಬನ್ನಿ.

ಗಾಲ್ವೆಸ್ಟನ್‌ಗೆ ಮರಳುವ ಬೆಳಿಗ್ಗೆಗೂ ಇದೇ ನಿಯಮ. ಆ ದಿನ ಬಫೆಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕೋಣೆಯ ಹೊರಗೆ ಇಟ್ಟುಬಿಟ್ಟಿರುತ್ತೀರಿ. ಮಗುವಿನ ಒಂದು ಜೊತೆ ಬಟ್ಟೆ, ನಾಲ್ಕು ಡೈಪರ್, ಬಟ್ಟಲು, ಚಮಚ, ಕೊನೆಯ ಹಿಡಿ ಹುರಿಹಿಟ್ಟನ್ನು ಕೈಚೀಲದಲ್ಲಿ ಉಳಿಸಿಕೊಳ್ಳಿ. ರಾತ್ರಿ ತುಂಬಿಸಿಟ್ಟ ಫ್ಲಾಸ್ಕಿನ ನೀರು ಬೆಳಿಗ್ಗೆ ಆರಕ್ಕೂ ಬಿಸಿಯಾಗಿರುತ್ತದೆ. ಪುಟ್ಟಿ ಹಾಸಿಗೆಯ ಮೇಲೆ ಕೂತು ಅದನ್ನು ತಿಂದು ಮುಗಿಸಿ "ಮಮ್ಮು ಆಯ್ತು" ಎಂದಳು. ಕಿಟಕಿಯಲ್ಲಿ ಬಂದರಿನ ದೀಪಗಳು ಕಾಣುತ್ತಿದ್ದವು.